ದೀಪ ಹಚ್ಚುವ ಹೊತ್ತಿನಲ್ಲಿ ಹೇಳಬಾರದ ಕ್ರಿಯಾಪದಗಳು

ಸುವರ್ಣಾಗೆ ಇಂಗ್ಲಿಷಿನ ಮೇಲೆ ಸಿಟ್ಟಿರಲಿಲ್ಲ. ಇಂಗ್ಲಿಷಿಗೇ ಅವಳ ಮೇಲೆ ಏನೋ ಹಳೆಯ ಹಗೆ ಇದ್ದಂತಿತ್ತು. ಹತ್ತನೇ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕೂತು ಉಳಿದೆಲ್ಲ ವಿಷಯಗಳನ್ನು ಒಂದೇ ಏಟಿಗೆ ಪಾಸು ಮಾಡಿದ್ದಳು. ಇದೊಂದು ಮಾತ್ರ ಕಾಲಿಗೆ ಚುಚ್ಚಿದ ಜಾಲಿಮುಳ್ಳಿನ ಹಾಗೆ ಉಳಿದುಕೊಂಡಿತ್ತು. ಲಕ್ಕಲಕಟ್ಟಿಯ ಅಂಗನವಾಡಿಯಲ್ಲಿ ಅವಳು ಸಹಾಯಕಿ. ಅಲ್ಲಿನ ನೀಲಾ ಟೀಚರು ಬರುವ ವರ್ಷ ನಿವೃತ್ತಿಯಾಗುವವರಿದ್ದರು. ಆ ಜಾಗ ಸುವರ್ಣಾಗೇ ಸಿಗಬೇಕು ಎಂದು ಊರವರಿಗೆಲ್ಲ ಮನಸ್ಸಿತ್ತು, ಆದರೆ ಮನಸ್ಸಿದ್ದರೆ ಸಾಲದು, ಹತ್ತನೆಯದು ಪೂರ್ತಿ ಪಾಸಾಗಿರಬೇಕಿತ್ತು.

ಗೋವಾದಲ್ಲಿ ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಕಟ್ಟುವ ಕೆಲಸಕ್ಕಿದ್ದ ಗಂಡ ದ್ಯಾಮೇಶ ಫೋನಿನಲ್ಲಿ ಆಣೆ ಮಾಡಿ ಹೇಳಿದ್ದ. "ನೀ ಟೀಚರ್ ಆದ ದಿನಾನ ನಾ ಇಲ್ಲಿ ಗಂಟು ಕಟ್ಟತೀನಿ ನೋಡು. ಊರಾಗ ಇದ್ದು ಯಾರದರ ಹೊಲಾ ಲಾವಣಿಗೆ ಹಿಡದು ಮಾಡೂಣು." ಅಂದಮೇಲೆ ಗಂಡ ಮನೆಗೆ ಬರುವ ದಾರಿಗೆ ಅಡ್ಡಲಾಗಿ ನಿಂತದ್ದು ಇಂಗ್ಲಿಷ್ ಒಂದೇ.

ಗಜೇಂದ್ರಗಡದಲ್ಲಿ ಹುಸ್ನಾ ಎಂಬ ಹುಡುಗಿ ಇದ್ದಳು. ಬಿ.ಎಡ್ ಮುಗಿಸಿ, ನೌಕರಿಯ ದಾರಿ ಕಾಯುತ್ತ, ಪ್ರತಿ ರವಿವಾರ ತನ್ನ ಮನೆಯ ಪಡಸಾಲೆಯಲ್ಲಿ ಇಂಥ ಅರ್ಧಕ್ಕೆ ನಿಂತವರಿಗೆಲ್ಲ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಕಲಿಸುವುದರಲ್ಲಿ ಗಟ್ಟಿ. "ನಮ್ಮ ಕನ್ನಡದಾಗ ಕ್ರಿಯಾಪದದ ಬಾಲ ಬದಲಾಗ್ತೈತ್ರಿ ಅಕ್ಕಾರ. ಮಾಡಿದ, ಮಾಡ್ತಾನ, ಮಾಡಲಿ. ಇಂಗ್ಲಿಷಿನ್ಯಾಗ ಕೆಲವುಕ್ಕ ಹೊಟ್ಟೀನ ಬದಲಾಗ್ತೈತಿ. ಸಿಂಗ್, ಸ್ಯಾಂಗ್, ಸಂಗ್. ಕೆಲವು ಜುಮ್ ಅನ್ನೂದಿಲ್ಲ, ಪುಟ್ ಅಂದ್ರ ನಿನ್ನೆನೂ ಪುಟ್, ಇವತ್ತೂ ಪುಟ್. ಇನ್ನ ಗೋ ಅನ್ನೂದು ನಿನ್ನೆಗೆ ಹೊಕ್ಕಿತು ಅಂದ್ರ ವೆಂಟ್ ಆಗಿ, ಹಡದ ತಾಯಿಗೂ ಗುರುತು ಸಿಗದಂಗ ಆಗ್ತೈತಿ." ಗುರುತು ಹಿಡಿಯುವ ದಾರಿ ಒಂದೇ, ಮೂರೂ ರೂಪಗಳನ್ನು ಬಾಯಿಪಾಠ ಮಾಡುವುದು. ಬೆಳಗ್ಗೆ ಮಕ್ಕಳಿಗೆ ಉಪ್ಪಿಟ್ಟು, ಮಧ್ಯಾಹ್ನ ಮನೆಗೆಲಸ. ಸುವರ್ಣಾಗೆ ಬಿಡುವು ಸಿಗುತ್ತಿದ್ದದ್ದು ಸಂಜೆ ದೀಪ ಹಚ್ಚಿದ ಮೇಲೆಯೇ.

ತೊಡಕು ಹುಟ್ಟಿದ್ದೂ ಅಲ್ಲಿಯೇ. ಅವಳ ಅತ್ತೆ ಉಡಚವ್ವನ ಮನೆಯಲ್ಲಿ ಕೆಲವು ಮಾತು ಆಡುವಂತಿರಲಿಲ್ಲ. ಬಳೆ ಒಡೆದರೆ "ಹೆಚ್ಚಾದ್ವು" ಅನ್ನಬೇಕು. ಡಬ್ಬಿಯಲ್ಲಿ ಸಕ್ಕರೆ ಮುಗಿದರೂ "ಸಕ್ಕರಿ ಹೆಚ್ಚಾಗೈತಿ" ಅನ್ನಬೇಕು. ಗೊತ್ತಿಲ್ಲದವರು ಕೇಳಿದರೆ ಒಂದು ಬಟ್ಟಲು ಕಡ ಕೇಳಲು ಬಂದಾರು. ಹೊಸ್ತಿಲು ದಾಟುವವರು "ಹೋಗ್ತೀನಿ" ಅನ್ನುವ ಮಾತೇ ಇಲ್ಲ. ಗೋವಾದ ಬಸ್ಸು ಹತ್ತುವಾಗಲೂ ದ್ಯಾಮೇಶ "ಬರ್ತೀನವಾ" ಎಂದೇ ಹೇಳುತ್ತಿದ್ದ. ಅದೆಲ್ಲ ಇಲ್ಲಿ ಎಲ್ಲರ ಮನೆಯಲ್ಲೂ ಇರುವುದೇ. ಆದರೆ ಉಡಚವ್ವ ಅದನ್ನು ಇಂಗ್ಲಿಷಿಗೂ ಹಚ್ಚಿದಳು.

ಮೊದಲ ಸಂಜೆ ಸುವರ್ಣಾ ಚಿಮಣಿಯಂಥ ಚಿಕ್ಕ ಬಲ್ಬಿನ ಕೆಳಗೆ ಕೂತು, ಮರೆಯಬಾರದೆಂದು ಅರ್ಥವನ್ನೂ ಕೂಡಿಸಿಕೊಂಡು, "ಗೋ, ವೆಂಟ್, ಗಾನ್. ಹೋಗು, ಹೋದ, ಹೋಗಿಬಿಟ್ಟ" ಎಂದು ರಾಗ ತೆಗೆದಳು. ದೇವರ ಮುಂದೆ ಬತ್ತಿ ಸರಿಮಾಡುತ್ತಿದ್ದ ಉಡಚವ್ವ ಧಡಕ್ಕನೆ ಎದ್ದು ಬಂದಳು.

"ಬಾಯಿ ಮುಚ್ಚ! ದೀಪಾ ಹಚ್ಚೂ ಹೊತ್ತಿನಾಗ ಯಾರ್ನ ಕಳಸಾಕತ್ತಿದಿ?"

"ಯಾರ್ನೂ ಇಲ್ಲರಿ ಅತ್ತಿ. ಕ್ರಿಯಾಪದ."

"ಮಗಾ ದೇಶದ ಮ್ಯಾಲ ಅದಾನ. ಹಗ್ಗಾ ಕಟ್ಟಿದ ಹಲಗಿ ಮ್ಯಾಲ ನಿಂತು ದುಡೀತಾನ. ಈಕಿ ಇಲ್ಲಿ ಕುಂತು ಹೋದ, ಹೋಗಿಬಿಟ್ಟ ಅಂತ ಜಪಾ ಮಾಡ್ತಾಳ! ನನ್ನ ಮನ್ಯಾಗ ನಡ್ಯಾಂಗಿಲ್ಲ."

ಅತ್ತೆಯ ಪಟ್ಟಿ ದಿನದಿನಕ್ಕೆ ಬೆಳೆಯಿತು. ಒಡೆಯುವುದು, ಬೀಳುವುದು, ಕಳೆಯುವುದು, ಬಿಟ್ಟುಹೋಗುವುದು, ಸಾಯುವುದಂತೂ ಕೇಳಲೇಬೇಡಿ, ಇವೆಲ್ಲ ನಿಷೇಧ. ಬರುವುದು, ತರುವುದು, ತಿನ್ನುವುದು, ಕುಡಿಯುವುದು, ಹಾಡುವುದು, ಇವಕ್ಕೆ ಪರವಾನಗಿ. ಹೀಗೆ ಸುವರ್ಣಾ ಇಂಗ್ಲಿಷಿನ ಮುತ್ತೈದೆ ಕ್ರಿಯಾಪದಗಳನ್ನೆಲ್ಲ ನೀರು ಕುಡಿದಂತೆ ಕಲಿತಳು. ಉಳಿದವು ಹೊಸ್ತಿಲ ಆಚೆಯೇ ನಿಂತವು. ಅತ್ತೆಯದು ಹುಚ್ಚು ಎಂದು ಅವಳು ಒಳಗೊಳಗೇ ನಗುತ್ತಿದ್ದಳು. ಆದರೂ ಅತ್ತೆ ಮನೆಯಲ್ಲಿ ಇಲ್ಲದ ದಿನವೂ ಆ ಮಾತು ಅವಳ ಬಾಯಿಂದ ಬರಲಿಲ್ಲ.

ಹುಸ್ನಾ ಒಂದು ರವಿವಾರ ಮನೆಯವರ ಬಗ್ಗೆ ಪ್ಯಾರಾ ಬರೆಸಿದಳು. ಸುವರ್ಣಾ ಬರೆದದ್ದರ ಕನ್ನಡ ಇಷ್ಟು: ನನ್ನ ಗಂಡ ಹಿಂದಿನ ದೀಪಾವಳಿಗೆ ಗೋವಾಕ್ಕೆ ಬಂದ. ಯುಗಾದಿಗೆ ಊರಿಗೆ ಬಂದ. ಮತ್ತೆ ಗೋವಾಕ್ಕೆ ಬಂದ. ಬರುವ ತಿಂಗಳು ಬರುತ್ತಾನೆ.

ಹುಸ್ನಾ ಎರಡು ಸಲ ಓದಿದಳು. "ಅಕ್ಕಾರ, ಖರೇ ಹೇಳ್ರಿ, ನಿಮ್ಮ ಗಂಡ ಈಗ ಎಲ್ಲಿ ಅದಾರ?"

ಸುವರ್ಣಾ ಮುಚ್ಚಿಡಲಿಲ್ಲ, ಎಲ್ಲ ಹೇಳಿದಳು. ಹುಸ್ನಾ ನಗಲಿಲ್ಲ. ಪರೀಕ್ಷೆಗೆ ಇನ್ನು ಹದಿನೈದು ದಿನವೂ ಇರಲಿಲ್ಲ. ಮರುದಿನ ಸಂಜೆ ಅವಳೇ ಲಕ್ಕಲಕಟ್ಟಿಗೆ ಬಂದು, ಉಡಚವ್ವನ ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿದಳು. ಉಡಚವ್ವ ಜಗಳಕ್ಕೆ ಸೆರಗು ಬಿಗಿದುಕೊಂಡೇ ಕೂತಿದ್ದಳು.

"ಏನವಾ ಟೀಚರಮ್ಮಾ, ನಿಮ್ಮ ಮನ್ಯಾಗ ಹೋಗ್ತೀನಿ ಅಂತೀರೇನು?"

"ಇಲ್ಲಬೇ. ನಮ್ಮವ್ವ ಬಾಯಿ ಮ್ಯಾಲ ಬಡೀತಾಳ. ಬರ್ತೀನಿ ಅಂದ್ರನ ಹೊರಗ ಬಿಡೂದು."

ಉಡಚವ್ವನ ಮುಖ ಸಡಿಲಾಯಿತು. "ಅಂದಮ್ಯಾಲ ನೀನೂ ನಮ್ಮಾಕಿನ. ಮತ್ತ ಇಂಥಾ ಮಾತು ಯಾಕ ಕಲಸ್ತಿ?"

"ಪರೀಕ್ಷಾದಾಗ ಕೇಳ್ತಾರಬೇ. ಬರೀಲಿಲ್ಲಂದ್ರ ಪಾಸಾಗೂದಿಲ್ಲ. ಪಾಸಾಗಲಿಲ್ಲಂದ್ರ ನಿಮ್ಮ ಮಗಾ ಅಲ್ಲೇ ಹಲಗಿ ಮ್ಯಾಲ ನಿಂದರ್ತಾನ."

ಉಡಚವ್ವ ಸಂತೆಯಲ್ಲಿ ಚೌಕಾಸಿ ಮಾಡುವವಳ ದನಿಯಲ್ಲಿ ಕೇಳಿದಳು: "ಬರೇ ಕೆಟ್ಟ ಮಾತ ಅದಾವೇನು ಅದರಾಗ? ಒಳ್ಳೇದಾಗಲಿ ಅಂತ ಹರಸೂದು ಇಲ್ಲೇನು?"

"ಐತಲ್ಲಬೇ. ಮೇ ಅಂತ ಮುಂದ ಹಚ್ಚಿದ್ರ ಮುಗೀತು. ಮೇ ಹೀ ಕಮ್ ಹೋಮ್. ಅವ ಮನಿಗೆ ಬರಲಿ."

"ಹಂಗಾರ ಅದನ್ನ ಮೊದಲ ಕಲಸೂದಲ್ಲೇನ, ಹುಚ್ಚಿ!"

ಒಪ್ಪಂದವಾಯಿತು. ಕೆಟ್ಟ ಮಾತುಗಳನ್ನು ಹಾಡುಹಗಲಲ್ಲಿ, ಹೊಸ್ತಿಲ ಹೊರಗೆ ಕೂತು ಕಲಿಯಬೇಕು. ಏಳುವ ಮೊದಲು ಹರಸುವ ಮಾತೊಂದನ್ನು ಹೇಳಬೇಕು. ಅಂಗನವಾಡಿಯಿಂದ ಬಂದವಳೇ ಸುವರ್ಣಾ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತು ಬ್ರೇಕ್, ಬ್ರೋಕ್, ಬ್ರೋಕನ್ ಎಂದು ಬಾಯಿಪಾಠ ಮಾಡುವಳು. ಉಡಚವ್ವ ಒಳಗೆ ರೊಟ್ಟಿಯನ್ನು ಬೇಕಾದದ್ದಕ್ಕಿಂತ ಜೋರಾಗಿ ಬಡಿಯುವಳು, ಕಿವಿಗೆ ಬೀಳಬಾರದೆಂದು. ಪರೀಕ್ಷೆಯ ಹಿಂದಿನ ದಿನದ ಹೊತ್ತಿಗೆ ಎಲ್ಲ ಕ್ರಿಯಾಪದಗಳೂ ಒಲೆಯ ಬೂದಿಯಷ್ಟು ಪರಿಚಯವಾಗಿದ್ದವು.

ಪರೀಕ್ಷಾ ಕೇಂದ್ರ ರೋಣದಲ್ಲಿ. ಸೊಸೆಯನ್ನು ಒಬ್ಬಳೇ ಕಳಿಸಲಾರೆ ಎಂದು ಉಡಚವ್ವನೂ ಬಸ್ಸು ಹತ್ತಿದಳು. ಒಳಗೆ ಫೋನ್ ಒಯ್ಯುವಂತಿಲ್ಲ, ಗೇಟಿನಲ್ಲಿ ಸುವರ್ಣಾ ಅದನ್ನು ಅತ್ತೆಯ ಕೈಗೆ ಕೊಟ್ಟಳು. "ಬರ್ತೀನ್ರಿ ಅತ್ತಿ."

"ಬಾ. ಏನ್ ಬರೀಬೇಕಾಗೈತಿ ಅದನ್ನ ಬರಿ, ಅಂಜಬ್ಯಾಡ. ಉಳದದ್ದು ನಾ ನೋಡ್ಕೋತೀನಿ."

ಪತ್ರಿಕೆ ಅಷ್ಟೇನು ಕಷ್ಟವಿರಲಿಲ್ಲ. ಬಿಟ್ಟ ಸ್ಥಳ ತುಂಬಿದಳು. ಆಜ್ಞೆಯ ವಾಕ್ಯ, ಬಿನ್ನಹದ ವಾಕ್ಯ, "ಮಳೆ ಬಂದಿದ್ದರೆ" ಎಂಬ ಒಣ ಆಸೆಯ ವಾಕ್ಯ, ಎಲ್ಲವನ್ನೂ ತಿದ್ದಿದಳು. ಕೊನೆಗೆ ಪ್ಯಾರಾ ಬಂತು: ನಿಮ್ಮ ಮನೆಯವರೊಬ್ಬರ ಬಗ್ಗೆ ಬರೆಯಿರಿ. ಹುಸ್ನಾ ಹತ್ತು ಸಲ ಬರೆಸಿದ್ದೇ! ಸುವರ್ಣಾಳಿಗೆ ಖುಷಿಯಾಯಿತು. ಮೈ ಹಸ್‌ಬಂಡ್ ಹ್ಯಾಸ್ ಎಂದು ಬರೆದಳು. ಮುಂದಿನ ಶಬ್ದ ಗಾನ್.

ಕೈ ನಿಂತಿತು.

ಹನ್ನೊಂದೂವರೆ ಆಗಿರಬೇಕು. ಈ ಹೊತ್ತಿಗೆ ದ್ಯಾಮೇಶ ಮೇಲಿನ ಮಹಡಿಯ ಹಲಗೆಯ ಮೇಲೆ ಇರುತ್ತಾನೆ. ಅತ್ತೆಯನ್ನು ಕಂಡು ಇಷ್ಟು ದಿನ ನಕ್ಕಿದ್ದಳಲ್ಲ, ಈಗ ಅದೇ ಅಂಜಿಕೆ ತನ್ನೊಳಗೂ ಚಕ್ಕಳಮಕ್ಕಳ ಹಾಕಿಕೊಂಡು ಕೂತಿತ್ತು. ಕಟ್ಟೆಯ ಮೇಲೆ ಬರೀ ಗಾನ್ ಅಂದದ್ದು ಬೇರೆ; ಇಲ್ಲಿ ಗಂಡನನ್ನೇ ಮುಂದೆ ನಿಲ್ಲಿಸಿ ಬರೆಯಬೇಕು. ಬೇರೆ ಯಾರ ಬಗ್ಗೆಯಾದರೂ ಬರೆದರೆ? ಬೇರೆ ಪ್ಯಾರಾ ಬರುತ್ತಿರಲಿಲ್ಲ. ಬಿಟ್ಟುಬಿಟ್ಟರೆ? ಅವ ಇನ್ನೊಂದು ವರ್ಷ ಅದೇ ಹಲಗೆಯ ಮೇಲೆ. ಹಲ್ಲು ಕಚ್ಚಿ ಗಾನ್ ಎಂದು ಬರೆದಳು, ಲಗೂನೆ ಗೋವಾವನ್ನು ಸೇರಿಸಿದಳು, ಮತ್ತು ಯಾರೂ ಕೇಳದಿದ್ದರೂ ಕೆಳಗೆ ಒಂದು ಸಾಲು ಹಾಕಿದಳು: ಅವನು ಬೇಗ ಮನೆಗೆ ಬರಲಿ. ಮೇ ಬರೆಯುವಾಗ ಅಕ್ಷರಗಳು ದಪ್ಪವಾಗಿ ಬಿದ್ದವು.

ಆ ಸಲ ಅವಳು ಪಾಸಾದಳು. ಫಲಿತಾಂಶ ಬಂದಾಗ ಹುಸ್ನಾ ಪೇಢೆ ಹಿಡಿದು ಬಂದದ್ದು ಬೇರೆ ಮಾತು. ಪರೀಕ್ಷೆಯ ದಿನ ಮಾತ್ರ ಅವಳಿಗೆ ಪಾಸು ಫೇಲಿನ ಧ್ಯಾಸವೇ ಇರಲಿಲ್ಲ. ಗಂಟೆ ಹೊಡೆದದ್ದೇ ತಡ, ಚಪ್ಪಲಿ ಎಳೆಯುತ್ತ ಗೇಟಿಗೆ ಓಡಿದಳು. ಮೊದಲು ಅವನಿಗೆ ಫೋನ್ ಹಚ್ಚಬೇಕು, ದನಿ ಕೇಳಬೇಕು.

ಬೇವಿನ ಗಿಡದ ಕೆಳಗೆ ಉಡಚವ್ವ ಕಾಲು ಚಾಚಿ ಕೂತಿದ್ದಳು. ಫೋನ್ ಕಿವಿಗೇ ಇತ್ತು. ಮಾತಾಡಿ ಮಾತಾಡಿ ದನಿ ಬಿದ್ದುಹೋಗಿತ್ತು, ಆದರೂ ಎಮ್ಮೆಗೆ ಜ್ವರ ಬಂದದ್ದು, ರಾಜೂರಿನ ಬೀಗರ ಮನೆಯ ಸೀಮಂತ, ಒಂದರ ಹಿಂದೊಂದು ಹೇಳುತ್ತಲೇ ಇದ್ದಳು. ಸೊಸೆಯನ್ನು ಕಂಡು ಕೈ ಎತ್ತಿದಳು.

"ಬರದಿ?"

"ಬರದ್ನಿರಿ ಅತ್ತಿ. ಆ ಮಾತೂ ಬರದ್ನಿ." ಸುವರ್ಣಾಳಿಗೆ ಅಳು ಬಂತು. "ಯಾರ ಕೂಡ ಮಾತಾಡಾಕತ್ತೀರಿ? ಕೊಡ್ರಿ ಇಲ್ಲೆ, ಅವರಿಗೆ ಹಚ್ಚಬೇಕು."

"ಫೋನಿನ್ಯಾಗ ಅವನ ಅದಾನ," ಎಂದಳು ಉಡಚವ್ವ. "ನೀ ಒಳಗ ಕಾಲಿಟ್ಟಾಗಿಂದ ಹಿಡಕೊಂಡು ಕುಂತೀನಿ. ಮ್ಯಾಲ ಹತ್ತಬ್ಯಾಡ, ನೆಲದ ಮ್ಯಾಲ ಕುಂತು ಮಾತಾಡು ಅಂತ ಹೇಳೀನಿ. ಮೇಸ್ತ್ರಿ ಬೈದ್ನಂತ, ಬೈಲಿ. ನೀ ಬರೀತಿದ್ದಿ, ನಾ ಅವನ್ನ ಕಾಯ್ತಿದ್ದೆ."

ಸುವರ್ಣಾ ಫೋನ್ ಇಸಿದುಕೊಂಡಳು. ಆಚೆಯಿಂದ ದ್ಯಾಮೇಶನ ದನಿ, ಬೇಸತ್ತು, ಜೀವಂತವಾಗಿ, ಕೇಳಿ ಬಂತು: "ಅವ್ವಾ, ಮೂರು ತಾಸಾತು. ಇನ್ನಾದ್ರೂ ಏಳಲೇನು?"

"ಏಳ್ರಿ," ಎಂದಳು ಸುವರ್ಣಾ.