ನೀಲಿ ದೀಪದ ಸ್ವಿಚ್ಚು

ಖಾರ್ತೂಮಿನ ಆ ಲ್ಯಾಬಿನಲ್ಲಿ ನೀಲಿ ದೀಪ ಸತ್ತು ಎಷ್ಟೋ ವರ್ಷವಾಗಿತ್ತು. ಗಾಜಿನ ಬಾಗಿಲಿರುವ ಪೆಟ್ಟಿಗೆಯಂಥ ಮೇಜಿನೊಳಗೆ, ಕೆಲಸಕ್ಕೆ ಕೂರುವ ಮುಂಚೆ ಒಂದಷ್ಟು ಹೊತ್ತು ಉರಿದು, ಕಣ್ಣಿಗೆ ಕಾಣದ ಕ್ರಿಮಿಗಳನ್ನೆಲ್ಲ ಕೊಲ್ಲಬೇಕಾದ ದೀಪ ಅದು. ಹೊಸದು ತರಿಸೋಣವೆಂದರೆ ದೇಶಕ್ಕೇ ದಿಗ್ಬಂಧನ, ದೀಪ ಕಳಿಸುವವರು ಯಾರು? ಬಾಬಿಕರ್ ಮೇಷ್ಟ್ರು ಮಾತ್ರ ಬಿಡುವ ಆಸಾಮಿಯಲ್ಲ. ಸತ್ತ ದೀಪದ ಸ್ವಿಚ್ಚನ್ನು ದಿನವೂ ಒತ್ತಿಸುತ್ತಿದ್ದರು. "ಇವತ್ತಲ್ಲ ನಾಳೆ ನೀವು ಒಳ್ಳೇ ಲ್ಯಾಬಿಗೆ ಹೋಗ್ತೀರಮ್ಮ. ಆಗ ಕೈ ಮರೀಬಾರದು," ಅನ್ನುತ್ತಿದ್ದರು. ಹೀಗಾಗಿ ಅಲ್ಲಿ ಕಲಿತವರು ನಮಾಜಿಗೋ ಚಹಕ್ಕೋ ಏಳುವಾಗ ಗಾಜನ್ನು ಕೆಳಗೆಳೆದು, ಸ್ವಿಚ್ಚು ಒತ್ತಿ, ಹಿಂತಿರುಗಿ ನೋಡದೆ ಹೋಗುತ್ತಿದ್ದರು. ಒಳಗಿದ್ದ ಸಾಮಾನು ಒಳಗೇ ಬಿದ್ದಿರುತ್ತಿತ್ತು. ಉರಿಯದ ದೀಪಕ್ಕೆ ಯಾರು ಹೆದರುತ್ತಾರೆ ಹೇಳಿ?

ಮೇಷ್ಟ್ರ ಶಿಷ್ಯೆ ಸುಲಾಫಾಳ ಕೈ ಪಳಗಿದ್ದು ಅಲ್ಲಿ.

ಆಮೇಲೆ ಯುದ್ಧ ಬಂತು. ಲ್ಯಾಬಿನ ಫ್ರೀಜರನ್ನು ಬಂದೂಕಿನವರು ಹೊತ್ತುಕೊಂಡು ಹೋದರು. ಒಳಗೆ ಜೀನುಗಳನ್ನಿಟ್ಟಿದ್ದ ಕೊಳವೆಗಳನ್ನೆಲ್ಲ ಅಂಗಳದ ಬಿಸಿಲಿಗೆ ಸುರಿದು ಹೋದರು. ಅವರಿಗೇನು, ತಣ್ಣೀರಿಗೊಂದು ಪೆಟ್ಟಿಗೆ ಸಿಕ್ಕಿತು. ಅದಕ್ಕೂ ಮುಂಚೆ, ಕರೆಂಟು ಹೋದ ಮೊದಲ ದಿನಗಳಲ್ಲೇ, ಮೇಷ್ಟ್ರಿಗೆ ಏನೋ ಅನಿಸಿ, ಒಂದೇ ಒಂದು ಜೀನನ್ನು ಸೋಸುವ ಕಾಗದದ ಮೇಲೆ ಹನಿ ಹನಿಯಾಗಿ ಬಿಟ್ಟು ಒಣಗಿಸಿದ್ದರು. ಅಂಗೈಯಗಲದ ಕಾಗದ, ಅದರಲ್ಲಿ ಹನಿ ಬಿದ್ದ ಜಾಗದ ಸುತ್ತ ಪೆನ್ಸಿಲಿನ ನಾಲ್ಕು ಸೊನ್ನೆ. ಒಣಗಿದ ಜೀನು ಹಾಗೇ ವರ್ಷಗಟ್ಟಲೆ ಮಲಗಿರುತ್ತದೆ. ನೀರು ತಾಕಿಸಿ, ಬ್ಯಾಕ್ಟೀರಿಯಾದ ಹೊಟ್ಟೆಗೆ ಸೇರಿಸಿದರೆ ಎದ್ದು ಕೂರುತ್ತದೆ.

ಆ ಜೀನಿನ ಹೆಸರು ಕಲ್ತೂಮ. ದಾರ್ಫುರಿನ ಒಂದು ಹಳ್ಳಿಯ ಕಲ್ತೂಮಜ್ಜಿಯ ಗಡಿಗೆಯಲ್ಲಿ, ಅವಳ ಅಜ್ಜಿಯ ಕಾಲದಿಂದ ಹುಳಿಬರುತ್ತಿದ್ದ ಜೋಳದ ಹಿಟ್ಟಿನ ಬ್ಯಾಕ್ಟೀರಿಯಾದಿಂದ ಮೇಷ್ಟ್ರು ಅದನ್ನು ಹುಡುಕಿ ತೆಗೆದಿದ್ದರು. ಜೋಳದಲ್ಲಿ ಎಳೆಮಕ್ಕಳ ಹೊಟ್ಟೆಗೆ ಕರಗದ ಒಂದು ಮೊಂಡು ಪ್ರೊಟೀನು ಇರುತ್ತದೆ. ಈ ಜೀನು ಕಟ್ಟುವ ಪ್ರೊಟೀನು ಅದನ್ನು ತುಂಡು ತುಂಡು ಮಾಡುತ್ತಿತ್ತು. ಒಲೆಯ ಬಿಸಿಗೆ ಅದು ಕೆಡದಂತೆ ಒಂದೆರಡು ಕಡೆ ತಿದ್ದಿಬಿಟ್ಟರೆ ಆಯಿತು, ನಿರಾಶ್ರಿತರ ಶಿಬಿರದ ಮಕ್ಕಳ ಗಂಜಿಗೆ ಒಂದು ಚಿಟಿಕೆ ಹಾಕಿದರೆ ಸಾಕು ಎಂಬುದು ಮೇಷ್ಟ್ರ ಜೀವಮಾನದ ಆಸೆ. ತಿದ್ದುವುದಿರಲಿ, ಅದರ ರಾಸಾಯನಿಕ ಅಕ್ಷರಗಳನ್ನು ಯಂತ್ರದಲ್ಲಿ ಓದಿಸುವುದಕ್ಕೂ ಆಗಿರಲಿಲ್ಲ. ಓದಿಸಿದ್ದರೆ ಎಲ್ಲಿ ಬೇಕಾದರೂ ಮತ್ತೆ ಕಟ್ಟಬಹುದಿತ್ತು.

ಹಳ್ಳಿ ಈಗಿಲ್ಲ. ಸುಟ್ಟುಹಾಕಿದರು. ಕಲ್ತೂಮಜ್ಜಿಯೂ ಉಳಿಯಲಿಲ್ಲ. ಅದನ್ನು ಸುಲಾಫಾಳಿಗೆ ಫೋನಿನಲ್ಲಿ ಹೇಳಿದವರು ಮೇಷ್ಟ್ರೇ. ಭೂಮಿಯ ಮೇಲೆ ಆ ಜೀನು ಉಳಿದಿದ್ದು ಆ ನಾಲ್ಕು ಸೊನ್ನೆಗಳಲ್ಲಿ ಮಾತ್ರ. ಸುಲಾಫಾ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎದೆಗವಚಿಕೊಂಡು, ಬಸ್ಸಿನ ಮೇಲೆ ಬಸ್ಸು ಹತ್ತಿ ಗಡಿ ದಾಟಿ ಕೈರೋ ಸೇರಿದ್ದಳು.

ಕೈರೋದಲ್ಲಿ ಪ್ರೊಟೀನು, ಜೀನು ತಿದ್ದುವುದನ್ನು ಕೈಯಾರೆ ಮಾಡಿಸಿ ಕಲಿಸುವ ತರಬೇತಿಗೆ ಅವಳಿಗೆ ಜಾಗ ಸಿಕ್ಕಿತು. ಸಿಕ್ಕಿದ್ದು ರಂಜಾನಿನಲ್ಲಿ. ಬೆಳಗಿನಿಂದ ನಿಂತೇ ಕೆಲಸ, ಬಾಯಿಗೆ ಒಂದು ತೊಟ್ಟು ನೀರಿಲ್ಲ. ಕಲಿಸುವ ಡಾಕ್ಟರ್ ಶಾಹಿನಾಜ್ ಬಿಗಿ ಹೆಂಗಸು. ಆದರೆ ಆ ಕಾಗದವನ್ನು ಕಂಡು ಅವರ ಮುಖವೂ ಸಡಿಲಾಯಿತು. ಬೇರೆಯವರು ಹಸಿರಾಗಿ ಹೊಳೆಯುವ ಅಭ್ಯಾಸದ ಜೀನನ್ನು ಹಿಡಿದು ಕಲಿಯಲಿ, ನೀನು ನಿನ್ನದನ್ನೇ ಎಬ್ಬಿಸು, ಅಕ್ಷರ ಓದಿಸುವ ಜವಾಬ್ದಾರಿ ನನ್ನದು ಎಂದುಬಿಟ್ಟರು. ಪೋರ್ಟ್ ಸುಡಾನಿನಿಂದ ಮೇಷ್ಟ್ರು ಸಿಗ್ನಲ್ಲು ಸಿಕ್ಕಾಗಲೆಲ್ಲ ಫೋನು ಮಾಡುತ್ತಿದ್ದರು. ಕೇಳುತ್ತಿದ್ದುದು ಒಂದೇ ಮಾತು. "ಕಲ್ತೂಮ ಎದ್ದಳೇನಮ್ಮಾ?"

ಆ ಸಂಜೆ ಸುಲಾಫಾ ಕಾಗದವನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸಿ ಗಾಜಿನ ಮೇಜಿನೊಳಗೆ ಹರವಿದ್ದಳು. ಕತ್ತರಿಗೆ ಸ್ಪಿರಿಟ್ಟು ಒರೆಸಿ ಪಕ್ಕದಲ್ಲಿಟ್ಟಿದ್ದಳು. ಮೊದಲ ಸೊನ್ನೆಯನ್ನು ಕತ್ತರಿಸಬೇಕು, ಅಷ್ಟರಲ್ಲಿ ಉಪವಾಸ ಬಿಡುವ ಹೊತ್ತಿನ ಮಗ್ರಿಬಿನ ಆಜಾನು ಕೇಳಿತು. ಬೆಳಗಿನಿಂದ ಒಣಗಿದ ಗಂಟಲು. ಪಕ್ಕದ ಮೇಜಿನ ಹೈಸಮ್, ತಂತಾ ಊರಿನ ಬಾಯಿಬಡುಕ ಹುಡುಗ, ಕೆಳಗೆ ಖರ್ಜೂರ ಖಾಲಿಯಾದರೆ ನನ್ನನ್ನು ಕೇಳಬೇಡ ಎಂದು ಓಡಿದ. ಸುಲಾಫಾಳೂ ಎದ್ದಳು. ಕೈ ತಾನಾಗಿ ಗಾಜನ್ನು ಕೆಳಗೆಳೆಯಿತು, ತಾನಾಗಿ ಸ್ವಿಚ್ಚು ಒತ್ತಿತು. ಹಿಂತಿರುಗಿ ನೋಡಲಿಲ್ಲ.

ಇಫ್ತಾರು ನಿಧಾನವಾಗಿಯೇ ನಡೆಯಿತು. ಮಸೂರದ ಸಾರು, ಅನ್ನ, ಆಮೇಲೆ ಸಿಹಿಕಡುಬಿನಂಥ ಕತಾಯಿಫು, ಅದರ ಮೇಲೆ ಚಹ. ಸುಡಾನಿನವರ ಸೋಮಾರಿತನದ ಮೇಲೆ ಹೈಸಮ್ ನಗೆಚಟಾಕಿ ಹಾರಿಸಿದ, ಸುಲಾಫಾ ಈಜಿಪ್ಟಿನವರ ಬಡಾಯಿಯ ಮೇಲೆ ತಿರುಗಿ ಹಾರಿಸಿದಳು. ಊರು ಬಿಟ್ಟ ಮೇಲೆ ಅಷ್ಟು ನಕ್ಕಿದ್ದು ಅದೇ ಮೊದಲು. ಮೇಲೆ ಬಂದಾಗ ಮೇಜು ಕತ್ತಲಾಗಿತ್ತು. ಅದು ಹೊಸ ಯಂತ್ರ, ದೀಪ ತನ್ನ ಹೊತ್ತು ಮುಗಿಸಿ ತಾನೇ ಆರುತ್ತದೆ. ಅವಳಿಗೆ ಅದು ಗೊತ್ತಿರಲಿಲ್ಲ. ಬಿಸ್ಮಿಲ್ಲಾ ಎಂದು ಸೊನ್ನೆ ಕತ್ತರಿಸಿದಳು, ನೀರಿನಲ್ಲಿ ನೆನೆಸಿದಳು, ಬ್ಯಾಕ್ಟೀರಿಯಾಕ್ಕೆ ಉಣಿಸಿ, ಜೀನು ಹೊಕ್ಕವು ಮಾತ್ರ ಬೆಳೆಯುವ ತಟ್ಟೆಗೆ ಸವರಿ ಬೆಚ್ಚಗಿಟ್ಟಳು.

ಮರುದಿನ ಎಲ್ಲರ ತಟ್ಟೆಯಲ್ಲೂ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಅವಳದು ಬೋಳು.

"ನಮ್ಮ ಹೊಲದಲ್ಲೆಲ್ಲ ಬೆಳೆ ಬಂತು, ನಿಮ್ಮದು ಮರಳುಗಾಡಲ್ಲವೇ ಅಮ್ಮಣ್ಣಿ," ಎಂದ ಹೈಸಮ್. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಎರಡನೆಯ ಸೊನ್ನೆಯೂ ಬೋಳು. ಆಗ ಶಾಹಿನಾಜ್ ತಾವೇ ಪಕ್ಕ ನಿಂತು ಮೂರನೆಯದನ್ನು ಮಾಡಿಸಿದರು. ಬ್ಯಾಕ್ಟೀರಿಯಾ ಚೆನ್ನಾಗಿದೆ, ಕೈಗುಣ ಚೆನ್ನಾಗಿದೆ, ತಪ್ಪೆಲ್ಲಿ ಎಂದು ತಲೆ ಕೆರೆದುಕೊಂಡರು. ಕೊನೆಯದನ್ನು ಜೀನಿನ ನಕಲು ತೆಗೆಯುವ ಯಂತ್ರಕ್ಕೇ ಹಾಕಿದರು. ಅದೂ ಏನೂ ಕೊಡಲಿಲ್ಲ. ಕಾಗದದಲ್ಲಿ ನಾಲ್ಕು ತೂತು ಉಳಿದವು. ದಾರಿಯ ಬಿಸಿಲಿಗೆ ಕೆಟ್ಟಿರಬೇಕು, ನಿನ್ನ ತಪ್ಪಲ್ಲ ಎಂದು ಶಾಹಿನಾಜ್ ಅವಳ ಬೆನ್ನು ಸವರಿದರು. ಸುಲಾಫಾಳೂ ಹಾಗೇ ನಂಬಿದಳು. ನಂಬಿದ್ದು ಆ ಸಂಜೆಯವರೆಗೆ.

ಸಂಜೆ ಮತ್ತೆ ಆಜಾನು ಆಯಿತು. ಮತ್ತೆ ಗಾಜು ಎಳೆದಳು, ಸ್ವಿಚ್ಚು ಒತ್ತಿದಳು.

"ಏ, ಕಣ್ಣು ಆ ಕಡೆ ತಿರುಗಿಸು ಮಾರಾಯ್ತಿ, ದೀಪ ಹತ್ತಿದೆ," ಎಂದ ಹೈಸಮ್.

ಅವಳು ತಿರುಗಿ ನೋಡಿದಳು. ಗಾಜಿನೊಳಗೆ ನೀಲಿ ತುಂಬಿಕೊಂಡಿತ್ತು. ಕ್ರಿಮಿಯನ್ನು ಆ ದೀಪ ಕೊಲ್ಲುವುದೇ ಅದರ ಜೀನನ್ನು ಕೆಡಿಸಿ, ಇದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಗಡಿ ದಾಟುವಾಗ ಯಾರೂ ಕಿತ್ತುಕೊಳ್ಳದ್ದನ್ನು, ಬಿಸಿಲು ಸುಡದ್ದನ್ನು ಅವಳ ಕೈಯೇ ಸುಟ್ಟಿತ್ತು, ತಾನು ಕೆಳಗೆ ಕೂತು ನಗುತ್ತಿದ್ದಾಗ. ಕೈ ಕತ್ತರಿಸಿ ಎಸೆಯಬೇಕೆನಿಸಿತು. ಅವತ್ತು ಇಫ್ತಾರಿಗೆ ಇಳಿಯಲಿಲ್ಲ. ಲ್ಯಾಬಿನ ಮೂಲೆಯ ಸ್ಟೂಲಿನಲ್ಲಿ ಕೂತೇ ಇದ್ದಳು. ಹೈಸಮ್ ಒಂದು ಲೋಟ ನೀರು ತಂದಿಟ್ಟು, ಏನೂ ಕೇಳದೆ ಹೋದ.

ಮೇಷ್ಟ್ರ ಫೋನು ಬಂತು. ಬಿಸಿಲಿನ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ಶಾಹಿನಾಜೇ ಕೊಟ್ಟ ಸುಳ್ಳು. ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರಿಗೆ ಸುಳ್ಳು ಹೇಳಲು ಅವಳಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದಳು, ಸ್ವಿಚ್ಚಿನ ಸಮೇತ.

"ದೀಪ ಉರೀತಾ ಅಲ್ಲಿ?" ಎಂದರು ಮೇಷ್ಟ್ರು.

"ಉರೀತು ಮೇಷ್ಟ್ರೇ."

"ಸ್ವಿಚ್ಚು ಒತ್ತೋದು ಕಲಿಸಿದೆ. ಒಳಗಿರೋದನ್ನ ಎತ್ತಿಡೋದು ಕಲಿಸಲಿಲ್ಲ. ನಂದೇ ತಪ್ಪು ಕಣಮ್ಮಾ."

ಅವಳಿಗೆ ಬಿಕ್ಕಳಿಕೆ ತಡೆಯಲಾಗಲಿಲ್ಲ. ಮೇಷ್ಟ್ರು ಅವಳನ್ನು ಅಳಲು ಬಿಟ್ಟರು. ಆಮೇಲೆ, ಕ್ಲಾಸಿನಲ್ಲಿ ನಾಳೆಯ ಪಾಠ ಹೇಳುವ ಅದೇ ದನಿಯಲ್ಲಿ ಅಂದರು: "ಅಳಬೇಡ ಮಗಳೇ. ಹಬ್ಬ ಒಂದು ಕಳೀಲಿ. ನಾನೇ ಹಳ್ಳಿಗೆ ಹೋಗಿ ಕಲ್ತೂಮಜ್ಜಿ ಹತ್ರ ಇನ್ನೊಂದು ಹಿಡಿ ಹಿಟ್ಟು ಇಸ್ಕೊಂಡು ಬರ್ತೀನಿ."

ಸುಲಾಫಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಆಗಲಿ ಮೇಷ್ಟ್ರೇ," ಅಂದಳು. "ಅಜ್ಜಿಗೆ ನನ್ನ ಸಲಾಮು ಹೇಳಿ."