ನಮ್ಮವರದು ಕಾಯಲಿ ಬಿಡಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಚಟಪಟಿ ಎಂದೇ ಕರೆಯುತ್ತಿದ್ದರು. ಯಂತ್ರ ಫಲಿತಾಂಶ ಕೊಡುವ ಮೊದಲೇ ಅದರೆದುರು ನಿಂತು "ಹೇಳು, ಬೇಗ ಹೇಳು" ಎಂದು ಪೀಡಿಸುವವಳಿಗೆ ಇನ್ನೇನು ಹೆಸರಿಟ್ಟಾರು? ಈ ಸಲವಂತೂ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಚರ್ಮ ಕೆಂಪಾಗಿ, ಒಣಗಿ, ತುರಿಸಿ ಜೀವ ಹಿಂಡುವ ಎಕ್ಸಿಮಾ ಒಳಗೊಳಗೆ ಎಷ್ಟು ಉರಿಯುತ್ತಿದೆ ಎಂದು ರಕ್ತದ ಒಂದು ಪ್ರೋಟೀನ್ ಅಳೆದು ಹೇಳುವ ಹೊಸ ಪರೀಕ್ಷೆ ಬಂದಿತ್ತು. ಅದನ್ನು ನಂಬಬಹುದೇ ಎಂದು ತೂಗಿ ನೋಡುವ ಕೆಲಸ ಅವಳದು.

ರಕ್ತ ಕೊಟ್ಟ ರೋಗಿಗಳಲ್ಲಿ ಅವಳ ತಂಗಿಯೂ ಇದ್ದಳು. ವಾರವೆಲ್ಲ ಕೆರೆದುಕೊಂಡು ಒದ್ದಾಡುವ ಆ ಹುಡುಗಿಯ ಚರ್ಮ, ಡಾಕ್ಟರ ಮುಂದೆ ಕೂತ ದಿನ ಮಾತ್ರ ಮಹಾ ಸಾಧುವಾಗಿಬಿಡುತ್ತಿತ್ತು. "ಏನೂ ಇಲ್ವಲ್ಲಮ್ಮ" ಎಂದು ಡಾಕ್ಟರು ಕಳಿಸುತ್ತಿದ್ದರು. "ಪಾತ್ರೆ ತೊಳೆಯೋದು ತಪ್ಪಿಸ್ಕೊಳ್ಳೋಕೆ ನಾಟಕ" ಎಂದು ಅಮ್ಮ ಗೊಣಗುತ್ತಿದ್ದಳು. ಪರೀಕ್ಷೆ ಗೆದ್ದರೆ ತಂಗಿಯ ಮಾತಿಗೊಂದು ಸಾಕ್ಷಿ ಸಿಗುತ್ತಿತ್ತು. ಸೋತರೆ ಅವಳು ಮನೆಯಲ್ಲಿ ನಾಟಕದವಳಾಗಿಯೇ ಉಳಿಯುತ್ತಿದ್ದಳು.

ಮೊದಲ ಫಲಿತಾಂಶ ಬಂದಾಗ ಚಟಪಟಿ ಅದನ್ನು ಎರಡೆರಡು ಸಲ ಓದಿದಳು. ರೋಗಿಗಳ ಅಂಕಿ ಏರಿತ್ತು, ಸರಿ. ಆದರೆ ಹೋಲಿಸಿ ನೋಡಲೆಂದು ಪ್ರಯೋಗಾಲಯದವರೂ ರಕ್ತ ಕೊಟ್ಟಿದ್ದರು. ಮೈಮೇಲೆ ಒಂದು ಗುಳ್ಳೆಯೂ ಇಲ್ಲದ ಅವರ ಅಂಕಿಯೂ ಅಷ್ಟೇ ಏರಿತ್ತು!

"ಪರೀಕ್ಷೆ ಠುಸ್ ಆಯ್ತು ಬಿಡೇ" ಎಂದರು ಮುಖ್ಯಸ್ಥೆ. ಎಲ್ಲರ ಬಾಯಲ್ಲಿ ಅವರು ದೊಡ್ಡ ಮೇಡಂ. "ನನಗೇ ಎಕ್ಸಿಮಾ ಅಂತೆ! ಈ ಮೈ ನೋಡಿ ಯಾರಾದ್ರೂ ನಂಬ್ತಾರಾ?"

ಚಟಪಟಿ ಬಾಲ ಸುಟ್ಟ ಬೆಕ್ಕಿನಂತೆ ಅಲೆದಾಡಿದಳು. ಯಂತ್ರ ಸರಿಯಿತ್ತು, ದ್ರಾವಣಗಳೂ ಸರಿಯಿದ್ದವು. ಬೇಸರದಲ್ಲಿ ಕೈ ತೊಳೆಯಲು ಹೋದಾಗ ಸಿಂಕಿನ ಪಕ್ಕದ ಖಾಲಿ ಸ್ಟ್ಯಾಂಡ್ ಕಣ್ಣಿಗೆ ಬಿತ್ತು. ರಕ್ತ ತೆಗೆದ ದಿನ ಪ್ರಯೋಗಾಲಯದವರ ನಳಿಕೆಗಳನ್ನು ಇಟ್ಟಿದ್ದು ಅಲ್ಲೇ.

ಆ ಪ್ರಯೋಗಾಲಯಕ್ಕೊಂದು ಹಳೆಯ ಮರ್ಯಾದೆಯಿತ್ತು: ರೋಗಿಗಳ ರಕ್ತಕ್ಕೇ ಮೊದಲ ಸರದಿ. ಅದು ಹೆಪ್ಪುಗಟ್ಟಿದ ಕೂಡಲೇ ಯಂತ್ರದಲ್ಲಿ ತಿರುಗಿಸಿ ತಿಳಿಯನ್ನು ಬೇರ್ಪಡಿಸಿದ್ದರು. ತಮ್ಮದನ್ನು ಮಾತ್ರ "ನಮ್ಮವರದು ಕಾಯಲಿ ಬಿಡಿ" ಎಂದು ಬದಿಗಿಟ್ಟು ಊಟಕ್ಕೆ ಹೋಗಿದ್ದರು. ಊಟ ಬೇಗ ಮುಗಿದಿತ್ತು, ಹರಟೆ ಮುಗಿದಿರಲಿಲ್ಲ.

"ಮೇಡಂ!" ಒದ್ದೆ ಕೈಯಲ್ಲೇ ಓಡಿದಳು. "ರಕ್ತ ಹಾಗೇ ಕೂತ್ರೆ ಅದರಲ್ಲಿರೋ ಪ್ಲೇಟ್‌ಲೆಟ್‌ಗಳು ಇದೇ ಪ್ರೋಟೀನ್ ಕಕ್ತಾ ಹೋಗ್ತವೆ. ಅಂಕಿ ಏರಿದ್ದು ಕಾಯಿಲೆಯಿಂದಲ್ಲ, ನಮ್ಮ ಹರಟೆಯಿಂದ!"

ದೊಡ್ಡ ಮೇಡಂ ಕೋಟಿನ ತೋಳು ಮೇಲೇರಿಸಿ ಕುರ್ಚಿಯಲ್ಲಿ ಕೂತರು. "ಚುಚ್ಚು. ಈ ಸಲ ಯಾರೂ ಊಟಕ್ಕೆ ಹೋಗೋ ಹಾಗಿಲ್ಲ."

ಮರುಪರೀಕ್ಷೆಯ ಹೊತ್ತಿಗೆ ಎಲ್ಲರೂ ಹಸಿದ ಹೊಟ್ಟೆಯಲ್ಲೇ ಯಂತ್ರದ ಸುತ್ತ ಮುತ್ತಿದ್ದರು. ಅವರ ಅಂಕಿಗಳು ಒಂದೊಂದಾಗಿ ತಳಕ್ಕಿಳಿದವು; ರೋಗಿಗಳವು ಮೇಲೆಯೇ ನಿಂತವು. ಚಟಪಟಿ ಹೋ ಎಂದು ಕೂಗಿದ ಅಬ್ಬರಕ್ಕೆ ಪಕ್ಕದ ಕೋಣೆಯವರೂ ಓಡಿ ಬಂದರು. ರೋಗಿಗಳಲ್ಲಿ ಯಾವ ನಳಿಕೆ ಯಾರದೆಂಬ ಗುಟ್ಟು ಅಲ್ಲಿಯವರೆಗೆ ದೊಡ್ಡ ಮೇಡಂ ಒಬ್ಬರಿಗೇ ಗೊತ್ತಿತ್ತು. ಅವರು ಎಲ್ಲಕ್ಕಿಂತ ಮೇಲಿದ್ದ ಅಂಕಿಯ ಮೇಲೆ ಬೆರಳಿಟ್ಟರು.

"ನಿನ್ನ ತಂಗೀದು. ರಕ್ತ ಕೊಟ್ಟ ದಿನಾನೂ ಡಾಕ್ಟರು ಏನೂ ಇಲ್ಲ ಅಂದಿದ್ರು."

ಚಟಪಟಿ ಮನೆಗೆ ಓಡಿಯೇ ಬಂದಳು. "ನಿಂದೇ ಎಲ್ಲರಿಗಿಂತ ಜಾಸ್ತಿ ಕಣೇ!" ಎಂದು ಬಾಗಿಲಲ್ಲೇ ಕೂಗಿದಳು. ಕಾಯಿಲೆ ಜೋರಾಗಿದೆ ಎಂಬ ಸುದ್ದಿಗೆ ತಂಗಿ ಅಕ್ಕನನ್ನು ತಬ್ಬಿಕೊಂಡು ಕುಣಿದಳು, ಕುಣಿಯುತ್ತಲೇ ಬಿಕ್ಕಿದಳು.

"ನಾನ್ ಹೇಳ್ತಾನೇ ಇದ್ನಲ್ಲಕ್ಕ."

"ಹೂಂ ಕಣೇ. ನಿನ್ನ ತುಂಬಾ ಕಾಯಿಸಿಬಿಟ್ವಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಕಪಾಟಿನಿಂದ ಮುಲಾಮು ತೆಗೆದು ಮಗಳ ಪಕ್ಕ ಕೂತಳು.

"ಎಲ್ಲಿ ತುರಿಸುತ್ತೆ, ತೋರ್ಸು."