ಮಡಚುವ ಫೋನು, ಮೂರು ರಿಂಗು

ಫೋನು ಚೆನ್ನಾಗಿದೆಯೋ ಇಲ್ಲವೋ ಎಂದು ಮಗಳು ಲೋಸಲಿನಿ ರಾಜಧಾನಿ ಸುವಾದಿಂದ ಕೇಳುತ್ತಲೇ ಇದ್ದಾಳೆ. ನನಗೇ ತಿಳಿಯದ್ದನ್ನು ಅವಳಿಗೆ ಏನೆಂದು ಹೇಳಲಿ?

ಹಳೆಯ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಏಡಿ ಹಿಡಿಯಲು ಇಳಿದು, ಉಪ್ಪುನೀರು ಕುಡಿಸಿ ಕೊಂದವಳು ನಾನೇ. ಹದಿನೈದು ದಿನದ ಮೇಲೆ ಹಡಗಿನಲ್ಲಿ ಈ ಮಡಚುವ ಫೋನು ಬಂತು. ಜೊತೆಗೊಂದು ಚೀಟಿ: ‘ಒಂದು ವಾರ ಬಳಸಿ ನೋಡಮ್ಮಾ. ಬೇಡ ಅಂದ್ರೆ ಅಂಗಡಿಯವರು ಬದಲಾಯಿಸಿ ಕೊಡ್ತಾರೆ.’

ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಚರ್ಚಿನ ಹಿಂದಿನ ದಿಬ್ಬದ ಮೇಲೆ, ದೀವಿಹಲಸಿನ ಮರದ ಕೆಳಗೆ ಮಾತ್ರ. ಮಧ್ಯಾಹ್ನ ಪಕ್ಕದ ಮನೆಯ ಉನೈಸಿಯನ್ನು ಕರೆದುಕೊಂಡು ಹತ್ತಿದೆ. ಅವಳ ಹತ್ತಿರ ಫೋನೇ ಇಲ್ಲ, ಆದರೂ ಬುದ್ಧಿ ಹೇಳುವುದರಲ್ಲಿ ಮಹಾ ಪಂಡಿತೆ.

“ತಲೆಕೆಳಗೆ ಹಿಡಿದಿದ್ದೀಯಲ್ಲೇ ತರೈವೀನಿ! ಕಿವೀಗಿಡೋದನ್ನ ಬಾಯಿಗಿಟ್ಕೊಂಡ್ರೆ ಅದೇನು ನಿನಗೆ ತುತ್ತು ಕೊಡುತ್ತಾ?”

“ಎರಡು ಕಡೆನೂ ಒಂದೇ ಥರ ಇದೆ, ನಾನೇನ್ ಮಾಡ್ಲಿ?”

ಅಷ್ಟರಲ್ಲಿ ಫೋನು ಕೂಗಿತು. ಮರದ ಕೆಳಗಿದ್ದ ಕೋಳಿಗಳು ದಿಕ್ಕಾಪಾಲಾದವು. ಉಗುರು ಹಾಕಿ ಮುಚ್ಚಳ ಎತ್ತಿದೆ. ಲೋಸಲಿನಿ.

“ಅಮ್ಮಾ, ಕೇಳಿಸ್ತಿದೆಯಾ?”

“ಕೇಳಿಸ್ತಿದೆ. ಗಾಳಿ ಜಾಸ್ತಿ, ತಡಿ” ಎಂದು, ಗಾಳಿ ಒಳಗೆ ಹೋಗದಿರಲೆಂದು ಮುಚ್ಚಳ ಮುಚ್ಚಿದೆ. ಮಾತು ನಿಂತುಹೋಯಿತು. ಅವಳು ಮತ್ತೆ ಮಾಡಿದಳು.

“ಮುಚ್ಚಿದ್ರೆ ಕಟ್ ಆಗುತ್ತಮ್ಮಾ! ತೆರೆದ್ರೆ ತಾನೇ ಎತ್ಕೊಳ್ಳುತ್ತೆ. ಯಾವ ಗುಂಡೀನೂ ಒತ್ತೋದು ಬೇಡ, ಎಷ್ಟು ಸುಲಭ ನೋಡು.”

“ಯಾರ ಫೋನು ಅಂತ ಗೊತ್ತಾಗೋದು ಹೇಗೆ?”

“ತೆರೆದು ನೋಡು.”

“ತೆರೆದ್ರೆ ಎತ್ಕೊಳ್ಳುತ್ತಲ್ಲೇ!”

“ಹೌದಲ್ವಾ” ಎಂದಳು.

ಹೌದಲ್ವಾ ಅಂತೆ! ಓದು ಬಲ್ಲವಳಿಗೇ ಉತ್ತರವಿಲ್ಲದ ಮೇಲೆ ನನ್ನ ಪಾಡೇನು? ಇಲ್ಲದ ದೂರು ಹೇಳಬಾರದು, ಅಂಕಿಗಳು ಅವರೆಕಾಳಿನಷ್ಟು ದಪ್ಪಗಿದ್ದವು, ಮಾತು ಗಂಟೆ ಹೊಡೆದ ಹಾಗೆ ಕೇಳಿಸುತ್ತಿತ್ತು. ಆದರೆ ನನಗೆ ಫೋನು ಬೇಕಾಗಿದ್ದದ್ದು ಮಾತಾಡುವುದಕ್ಕಲ್ಲ, ಮಾತಾಡದೆ ಇರುವುದಕ್ಕೆ.

ನನ್ನ ಅಣ್ಣ ಅಪೆನೀಸಾ ಎದುರಿನ ನೈರಾಯಿ ದ್ವೀಪದಲ್ಲಿ ಒಬ್ಬನೇ ಇದ್ದಾನೆ. ಕಳೆದ ಕ್ರಿಸ್‌ಮಸ್ಸಿನಿಂದ ಅವನಿಗೆ ಎದೆನೋವು. ನಮ್ಮಲ್ಲಿ ದೊಡ್ಡವರಾದ ಮೇಲೆ ಅಣ್ಣ ತಂಗಿ ನೇರವಾಗಿ ಮಾತಾಡುವುದಿಲ್ಲ. ಜಗಳವಲ್ಲ, ಮರ್ಯಾದೆ. ನನಗೆ ಹದಿಮೂರು ತುಂಬಿದ ಮೇಲೆ ಅವನು ನನಗೆ, ನಾನು ಅವನಿಗೆ ಒಂದು ಮಾತೂ ಆಡಿಲ್ಲ. ಹೇಳುವುದಿದ್ದರೆ ನಡುವೆ ಒಬ್ಬರು ಬೇಕು. ಅತ್ತಿಗೆ ಬದುಕಿರುವ ತನಕ ಆ ಕೆಲಸಕ್ಕೆ ಅವಳಿದ್ದಳು. ಸಾಯುವ ಮೊದಲು ಅವಳೇ ಈ ಮಿಸ್ ಕಾಲ್ ಏರ್ಪಾಡು ಮಾಡಿ ಹೋದಳು. ದಿನಾ ಸಂಜೆ ಅಣ್ಣನಿಂದ ಒಂದು ಮಿಸ್ ಕಾಲ್ ಬಂದರೆ, ಬದುಕಿದ್ದೇನೆ. ನನ್ನಿಂದ ಒಂದು ಹೋದರೆ, ನಾನೂ. ಮೂರು ಸಲ ಬಂದರೆ ಮಾತ್ರ, ನೋವು ಬಂದಿದೆ, ದೋಣಿ ಹತ್ತಿ ಬಾ. ಇಬ್ಬರೂ ಎತ್ತುವ ಹಾಗಿಲ್ಲ.

ಹೊಸ ಫೋನು ಬಂದಿದೆ ಎಂದು ದೋಣಿಯವನ ಕೈಯಲ್ಲಿ ಅಣ್ಣನಿಗೆ ಹೇಳಿ ಕಳಿಸಿದ್ದೆ. ಸಂಜೆ ಉನೈಸಿ ಪ್ರಾರ್ಥನೆಗೆ ಹೋದಳು, ನಾನೊಬ್ಬಳೇ ದಿಬ್ಬ ಹತ್ತಿದೆ.

ರಿಂಗಾಯಿತು. ಯಾರೆಂದು ನೋಡಲು ಮುಚ್ಚಳ ಎತ್ತಿಬಿಟ್ಟೆ. ಒಳಗೆ ಯಾರೋ ಕೆಮ್ಮಿದರು. ಹಾವು ತುಳಿದವಳ ಹಾಗೆ ಬೆಚ್ಚಿ ಮುಚ್ಚಿದೆ. ಮತ್ತೆ ರಿಂಗಾಯಿತು. ಈ ಸಲ ಮುಟ್ಟಲಿಲ್ಲ. ಒಂದು ಸಲ ಕೂಗಿ ತಾನೇ ನಿಂತಿತು. ಈಗ ಇದು ಒಂದನೆಯದೋ, ಎರಡನೆಯದೋ? ಎತ್ತಿದ್ದು ಲೆಕ್ಕಕ್ಕುಂಟೋ ಇಲ್ಲವೋ? ಉತ್ತರ ಕೊಡೋಣವೆಂದು ಹಸಿರು ಗುಂಡಿ ಹುಡುಕುವಷ್ಟರಲ್ಲಿ ಮತ್ತೊಂದು ಸಲ ಕೂಗಿ ನಿಂತಿತು.

ಮೂರು.

ನಿಜವಾದ ಮೂರೋ, ಈ ಹಾಳು ಮುಚ್ಚಳ ಹುಟ್ಟಿಸಿದ ಮೂರೋ? ಅವನಿಗೆ ನಾನೇ ರಿಂಗ್ ಮಾಡಿದೆ, ನಿಲ್ಲಿಸದೆ ಮಾಡಿದೆ. ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ನನ್ನ ನಂಬರು ಅವನು ಎಂದೂ ಎತ್ತುವುದಿಲ್ಲವಲ್ಲ! ಬಿದ್ದುಕೊಂಡು ಎತ್ತಲಿಲ್ಲವೋ, ಮರ್ಯಾದೆಗೆ ಎತ್ತಲಿಲ್ಲವೋ, ಯಾವ ದೇವರನ್ನು ಕೇಳಲಿ? ದೋಣಿಯವನನ್ನು ಕೂಗಲು ಇಳಿಯೋಣವೆಂದರೆ, ಇಳಿದ ಕೂಡಲೇ ಸಿಗ್ನಲ್ ಹೋಗುತ್ತದೆ. ಎರಡು ಹೆಜ್ಜೆ ಇಳಿದೆ, ಎರಡು ಹೆಜ್ಜೆ ಹತ್ತಿದೆ.

ನಾಲ್ಕನೆಯ ಸಲ ಕೂಗಿತು. ನಾಲ್ಕಕ್ಕೆ ನಮ್ಮಲ್ಲಿ ಅರ್ಥವೇ ಇಲ್ಲ. ನಿಲ್ಲಲೂ ಇಲ್ಲ. ದೇವರೇ ಕ್ಷಮಿಸು ಎಂದು ಮುಚ್ಚಳ ಎತ್ತಿ ಕಿವಿಗಿಟ್ಟೆ.

“ಅಲ್ಲಿ ಯಾರಾದ್ರೂ ಇದ್ದೀರಾ?” ಅಣ್ಣನ ದನಿ. ಮದುವೆ ಸಾವುಗಳಲ್ಲಿ ಕೇಳದ ದನಿಯಲ್ಲ, ಆದರೆ ಅಲ್ಲೆಲ್ಲ ಬೇರೆಯವರಿಗೆ ಆಡಿದ್ದು. “ಯಾರೇ ಇರಲಿ, ನನ್ನ ತಂಗಿಗೆ ಏನೂ ಆಗಿಲ್ಲ ತಾನೆ? ಅವಳ ಫೋನು ಹೇಗ್‌ಹೇಗೋ ಆಡ್ತಿದೆ. ಅವಳು ಯಾವತ್ತೂ ಎತ್ತೋಳಲ್ಲ.”

ನನಗಾಗಿ ಅವನೂ ಅಲ್ಲಿ ನಡುಗುತ್ತಿದ್ದ. ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ.

“ನಾನು ಉನೈಸಿ. ಪಕ್ಕದ ಮನೆಯವಳು. ತರೈವೀನಿ ಚೆನ್ನಾಗಿದ್ದಾಳೆ. ನಿಮ್ಮ ಎದೆನೋವು ಹೇಗಿದೆ ಅಂತ ಕೇಳ್ತಿದ್ದಾಳೆ.”

“ನೋವಿಲ್ಲ ಅಂತ ಹೇಳಿ. ಮೂರು ಸಲ ಆಗೋಯ್ತು, ತಪ್ಪಾಯ್ತು ಅಂತ ಹೇಳಿ. ಈ ಅಲೇಲಿ ದೋಣಿ ಹತ್ತಿಬಿಟ್ಟಾಳು ಅಂತ ಹೆದರಿಕೊಂಡೆ.”

“ಹೇಳ್ತೀನಿ.”

ಇನ್ನು ಮುಚ್ಚಬೇಕಿತ್ತು. ಹೆಬ್ಬೆರಳು ಮುಚ್ಚಳದ ಮೇಲೇ ಇತ್ತು.

“ಉನೈಸಿ,” ಎಂದ ಅವನು, “ನಿಮ್ಮ ದನಿ ನಮ್ಮವ್ವನ ದನಿ ಥರಾನೇ ಇದೆ.”

ನನಗೆ ಅಳು ಬಂತು. ಕೇಳಿಸಬಾರದೆಂದು ಅಂಗಿಯ ತೋಳನ್ನು ಬಾಯಿಗೆ ಒತ್ತಿಕೊಂಡೆ.

“ನಾಳೆನೂ ನೀವೇ ಎತ್ಕೊಳ್ತೀರಾ?”

“ಎತ್ಕೊಳ್ತೀನಿ ಅಣ್ಣಾ.”

ಆಡಿದ ಮೇಲೆ ತಿಳಿಯಿತು ಏನಾಡಿದೆನೆಂದು, ಅವನನ್ನು ಅಣ್ಣಾ ಎನ್ನುವವಳು ನಾನೊಬ್ಬಳೇ. ಅವನಿಗೂ ತಿಳಿದಿರಬೇಕು. ಇಬ್ಬರೂ ಫೋನು ಇಡಲಿಲ್ಲ.